ಕಡಲ ದಂಡೆಯ ಮರಳಿಗೆ ಮಲೆನಾಡೇ ತವರು

ತೀರ್ಥಹಳ್ಳಿ ತಾಲೂಕಿನ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ. ಅಂಬುತೀರ್ಥದ ಆಸುಪಾಸಿನ ನೀರು ಶರಾವತಿಯಾಗಿ ಜೋಗದಲ್ಲಿ 253 ಮೀಟರ್ ಧುಮುಕಿ, ಹೊನ್ನಾವರದ ಅಳಿವೆಯಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ಹುಟ್ಟಿನಿಂದ ಕಡಲಿಗೆ ಸುಮಾರು 128 ಕಿ.ಮೀ. ಅಷ್ಟೆ. ಅದೇ ತಾಲೂಕಿನಲ್ಲಿ ತುಂಗೆಗೆ ಇಳಿದದ್ದು ಕೂಡಲಿ, ಹೊಸಪೇಟೆ ದಾಟಿ, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನೀರಿನ ಈ ಲೆಕ್ಕ ಶಾಲೆಯ ಮಕ್ಕಳಿಗೂ ಗೊತ್ತು. ನೀರಿನ ಜೊತೆ ಹೊರಡುವ ಮರಳಿನ ಲೆಕ್ಕ ಇಡುವವರು ಕಡಿಮೆ. ಕಡಲ್ಕೊರೆತದ ಸುದ್ದಿ ಪ್ರತಿ ಜೂನ್‌ನಲ್ಲಿ ಬರುತ್ತದೆ, ತೆಂಗಿನಮರ ಉರುಳಿದ ಚಿತ್ರವೂ ಬರುತ್ತದೆ. ಆ ದಂಡೆಯ ಮರಳು ಎಲ್ಲಿಂದ ಬರಬೇಕಿತ್ತು ಎಂಬ ಪ್ರಶ್ನೆ ಮಾತ್ರ ಘಟ್ಟ ಹತ್ತುವುದಿಲ್ಲ.

ಮಲೆನಾಡಿನಲ್ಲಿ ಧರೆ ಕುಸಿದಾಗ ಹಳ್ಳಕ್ಕೆ ಸೇರುವ ಮಣ್ಣೆಲ್ಲ ಕಡಲ ದಂಡೆಯಾಗುವುದಿಲ್ಲ. ಜೇಡಿ ಮತ್ತು ಗೋಡು ನೀರಿನಲ್ಲಿ ತೇಲುತ್ತ ಆಳ ಸಮುದ್ರದತ್ತ ಹೋಗಿಬಿಡುತ್ತವೆ. ಮಳೆಗಾಲದಲ್ಲಿ ಅಳಿವೆಯ ಬಾಯಲ್ಲಿ ಕಾಣುವ ಕೆಂಪು ನೀರು ಅದೇ. ದಂಡೆ ಕಟ್ಟುವುದು 0.06ರಿಂದ 2 ಮಿಲಿಮೀಟರ್ ಗಾತ್ರದ ಕಾಳು, ಅದರಲ್ಲೂ ಸುಲಭಕ್ಕೆ ಸವೆಯದ ಬೆಣಚುಕಲ್ಲಿನ ಕಾಳು. ಇದು ಹೊಳೆಯ ತಳದಲ್ಲಿ ಉರುಳುತ್ತ, ನೆಗೆಯುತ್ತ ಸಾಗುತ್ತದೆ. ಸಾಗಲು ನೆರೆಯೇ ಬೇಕು. ವರ್ಷದ ಬಹುಪಾಲು ಮರಳು ಕೆಲವೇ ದಿನಗಳ ಪ್ರವಾಹದಲ್ಲಿ ಕೆಳಗಿಳಿಯುತ್ತದೆ. ಉಳಿದ ದಿನ ಹೊಳೆ ಹರಿದರೂ ಮರಳು ಮಲಗಿರುತ್ತದೆ.

ಕಡಲಿಗೆ ಬಿದ್ದ ಮೇಲೆ ಅದರ ಯಜಮಾನಿಕೆ ಅಲೆಯದು. ಮುಂಗಾರಿನ ಎತ್ತರದ, ಕಡಿದಾದ ಅಲೆಗಳು ದಂಡೆಯ ಮರಳನ್ನು ಕೆರೆದು ತುಸು ದೂರದಲ್ಲಿ ನೀರಿನಡಿ ದಿಬ್ಬ ಮಾಡಿ ಇಡುತ್ತವೆ. ದಿಬ್ಬಕ್ಕೆ ತಾಗಿ ಮುಂದಿನ ಅಲೆಗಳು ಅಲ್ಲೇ ಮುರಿಯುತ್ತವೆ. ಅಂದರೆ ದಂಡೆ ತನ್ನದೇ ಮರಳನ್ನು ಮುಂದೊಡ್ಡಿ ತನ್ನನ್ನು ಕಾಯ್ದುಕೊಳ್ಳುತ್ತದೆ. ಅಕ್ಟೋಬರ್ ನಂತರದ ತಗ್ಗಿದ, ಉದ್ದನೆಯ ಅಲೆಗಳು ಅದೇ ಮರಳನ್ನು ಮೆಲ್ಲಗೆ ತಂದು ಸುರಿಯುತ್ತವೆ. ಹಾಗಾಗಿ ಜುಲೈನಲ್ಲಿ ದಂಡೆ ಕಿರಿದಾಗಿದ್ದನ್ನು ನೋಡಿ ಗಾಬರಿಯಾಗುವುದು, ಏಪ್ರಿಲ್‌ನಲ್ಲಿ ಅಗಲವಾಗಿದ್ದನ್ನು ನೋಡಿ ನೆಮ್ಮದಿಪಡುವುದು ಎರಡೂ ತಪ್ಪು. ಈ ಮಾರ್ಚಿನ ಅಳತೆಯನ್ನು ಹೋದ ಮಾರ್ಚಿನದಕ್ಕೆ ಹೋಲಿಸಬೇಕು. ಅಲೆ ಓರೆಯಾಗಿ ಬಡಿದಾಗ ಮರಳು ದಂಡೆಗುಂಟವೂ ಜರುಗುತ್ತದೆ. ಸೀತಾ, ಸುವರ್ಣಾ ಹೊಳೆಗಳಿಗೂ ಕಡಲಿಗೂ ನಡುವೆ ಚಾಚಿರುವ ಕೋಡಿಬೆಂಗ್ರೆಯ ಮರಳ ನಾಲಗೆ ಹೊಳೆ ಮತ್ತು ಅಲೆ ಕೂಡಿ ಮಾಡಿದ ಕೆಲಸ.

ಮರಳಿನ ಈ ದಾರಿ ಕಡಿದುಹೋದದ್ದು ಕಳೆದ ಶತಮಾನದಲ್ಲಿ. ಶರಾವತಿಗೆ ಮಡೆನೂರಿನಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು 1948ರ ಹೊತ್ತಿನದು. 1964ರಲ್ಲಿ ಮುಗಿದ ಲಿಂಗನಮಕ್ಕಿ ಅದನ್ನೇ ನುಂಗಿತು. ಕಡು ಬೇಸಿಗೆಯಲ್ಲಿ ಹಿನ್ನೀರು ಇಳಿದರೆ ಹಳೆಯ ಗೋಡೆ ಇಂದಿಗೂ ತಲೆ ಎತ್ತುತ್ತದೆ. ಲಿಂಗನಮಕ್ಕಿಯ ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ, ಜಲಾನಯನ ಸುಮಾರು 1,990 ಚದರ ಕಿ.ಮೀ. ಹೊಸನಗರ ತಾಲೂಕಿನ ಚಕ್ರಾ, ಸಾವೆಹಕ್ಕಲು ಅಣೆಗಳು ಕುಂದಾಪುರದತ್ತ ಇಳಿಯಬೇಕಿದ್ದ ನೀರನ್ನೂ ಇತ್ತ ತಿರುಗಿಸಿದವು. ವಾರಾಹಿಗೆ ಮಾಣಿ ಅಣೆಕಟ್ಟು ಬಂತು. ಶರಾವತಿಯ ಕೆಳದಂಡೆಯಲ್ಲಿ ಗೇರುಸೊಪ್ಪದ ಅಣೆಯೂ ಎದ್ದಿತು. ಹರಿವ ನೀರು ನಿಂತಲ್ಲಿ ಮೊದಲು ಕೂರುವುದೇ ದಪ್ಪ ಕಾಳು. ಟರ್ಬೈನ್ ದಾಟಿ ಹೋಗುವುದು ನೀರು ಮತ್ತು ಒಂದಿಷ್ಟು ಗೋಡು.

ಹೀಗೆ ಕೂತದ್ದು ಎಷ್ಟಾಗಬಹುದು ಎಂಬುದಕ್ಕೆ ತುಂಗಭದ್ರಾ ಜಲಾಶಯ ನೋಡಿದರೆ ಸಾಕು. 1953ರಲ್ಲಿ 133 ಟಿಎಂಸಿ ಎಂದು ಶುರುವಾದದ್ದು 2016ರ ಸಮೀಕ್ಷೆಯಲ್ಲಿ 105.78ಕ್ಕೆ ಇಳಿದಿತ್ತು. ಹೋದ 27 ಟಿಎಂಸಿ ಎಂದರೆ ಸುಮಾರು 76 ಕೋಟಿ ಘನ ಮೀಟರ್ ಹೂಳು. ಬಯಲುಸೀಮೆಯ ಮಣ್ಣೂ ಅದರಲ್ಲಿದೆ, ಎಲ್ಲವೂ ತುಂಗೆ ಭದ್ರೆಯರದಲ್ಲ. ಘಟ್ಟದ ಕಾಡಿನ ಜಲಾನಯನದಲ್ಲಿ ಹೂಳು ಇಷ್ಟು ವೇಗವಾಗಿ ತುಂಬದು ಎನ್ನುವುದೂ ನಿಜ. ಆದರೆ ಅಲ್ಪಸ್ವಲ್ಪವೇ ಬರುತ್ತಿದ್ದ ಕಡೆ ಅದನ್ನೂ ತಡೆದರೆ ಕೊರತೆ ಬೇಗ ತಟ್ಟುತ್ತದೆ. ಅಣೆಕಟ್ಟಿನ ಕೆಳಗೆ ಉಳಿದ ಮರಳಿಗೆ ಕಟ್ಟಡದವರ ಲಾರಿ ಕಾದಿರುತ್ತದೆ. ಅಳಿವೆಯ ದಿಬ್ಬಗಳಿಂದ ದೋಣಿ ಓಡಾಟಕ್ಕೆಂದು ಮರಳು ತೆಗೆಯಲು ಅವಕಾಶ ಕೊಟ್ಟದ್ದುಂಟು, ಕೈಯಲ್ಲೇ ತೆಗೆಯಬೇಕೆಂಬ ಷರತ್ತೂ ಇತ್ತು. ಹಾಗೆ ತೆಗೆದದ್ದು ಲಾರಿಯೇರಿ ಊರು ಬಿಟ್ಟರೆ ದಂಡೆಯ ಪಾಲಿಗೆ ಅದು ಖರ್ಚೇ.

ದಂಡೆ ಕರಗತೊಡಗಿದಾಗ ನಮಗೆ ಹೊಳೆದ ಮೊದಲ ಉಪಾಯ ಕಲ್ಲು. ತಡೆಗೋಡೆ ಎಂದರೆ ಕಲ್ಲು ಸುರಿಯುವುದಲ್ಲ, ಪದರ ಕಟ್ಟುವುದು. ತಳದಲ್ಲಿ ನೀರು ಬಿಟ್ಟು ಮರಳು ಹಿಡಿಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಅದರ ಮೇಲೆ ಸಣ್ಣ ಕಲ್ಲು, ಹೊರಮೈಗೆ ಅದರ ಹತ್ತು ಪಟ್ಟು ತೂಕದ ದೊಡ್ಡ ಬಂಡೆ, ಬುಡದಲ್ಲಿ ಮರಳಿನೊಳಗೆ ಹೂತ ಪಾದ. ಬಟ್ಟೆ ತಪ್ಪಿಸಿದರೆ ಅಡಿಯ ಮರಳು ಸಂದಿಯಿಂದ ಸೋರಿ, ಗೋಡೆ ಕೂತಲ್ಲೇ ಕುಸಿಯುತ್ತದೆ. ಬಂಡೆಯ ತೂಕದ ಲೆಕ್ಕ ಇನ್ನೂ ಕಟು: ಅಲೆ ಎರಡು ಪಟ್ಟಾದರೆ ಕಲ್ಲು ಎಂಟು ಪಟ್ಟಾಗಬೇಕು. 1.5 ಮೀಟರ್ ಅಲೆಗೆ ಅರ್ಧ ಟನ್ ತಡೆದರೆ 3 ಮೀಟರಿಗೆ 4 ಟನ್ ಬೇಕು. ಮಳೆ ಹಿಡಿದ ಮೇಲೆ ತುರ್ತಿಗೆಂದು ಲಾರಿಯಲ್ಲಿ ಬರುವ ಕಲ್ಲು ಎಷ್ಟು ತೂಗುತ್ತದೆಂದು ನೋಡಿದವರಿಗೆ ಗೊತ್ತು.

ಸರಿಯಾಗಿ ಕಟ್ಟಿದ ಗೋಡೆಗೂ ಒಂದು ರೋಗವಿದೆ. ಅದು ಹಿಂದಿನ ರಸ್ತೆ, ಮನೆ ಉಳಿಸುತ್ತದೆ, ಮುಂದಿನ ದಂಡೆಯನ್ನಲ್ಲ. ಬಡಿದು ವಾಪಸಾದ ಅಲೆ ಬುಡದ ಮರಳನ್ನು ಕೆದಕುತ್ತದೆ. ಬುಡ ಆಳವಾದಷ್ಟೂ ಅಲೆ ಮುಂಚೆಯೇ ಮುರಿಯದೆ ಇಡಿಯಾಗಿ ಬಂದು ಬಡಿಯುತ್ತದೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಪಕ್ಕದ ಮನೆಯವರ ಹಿತ್ತಲಿಗೆ ನುಗ್ಗುತ್ತದೆ, ಮುಂದಿನ ವರ್ಷ ಅಲ್ಲಿಗೂ ಗೋಡೆ ಬೇಕಾಗುತ್ತದೆ. ಕಡಲೊಳಗೆ ಚಾಚುವ ಬ್ರೇಕ್‌ವಾಟರ್‌ಗಳ (ಅಲೆತಡೆ ಗೋಡೆಗಳ) ಕಥೆಯೂ ಇದೇ ಜಾತಿಯದು. ನೇತ್ರಾವತಿ–ಗುರುಪುರ ಅಳಿವೆಯಲ್ಲಿ 1990ರ ದಶಕದಲ್ಲಿ ಅವು ಬಂದದ್ದು ದೋಣಿಗಳಿಗೆ ಆಳದ ದಾರಿಗಾಗಿ. ದಾರಿ ಸಿಕ್ಕಿತು. ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕೊರೆತ ಜೋರಾಯಿತು. 2010ರಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ ಸಾಲದ ಯೋಜನೆ ಮಂಜೂರಾಗಿ, ಅಲೆಯನ್ನು ದೂರದಲ್ಲೇ ಮುರಿಯಲೆಂದು ನೀರಿನೊಳಗೆ ರೀಫ್ (ಕೃತಕ ದಿಬ್ಬ) ಕಟ್ಟಲಾಯಿತು. ಒಂದು ಕಟ್ಟಡದ ಪರಿಣಾಮ ತಡೆಯಲು ಇನ್ನೊಂದು ಕಟ್ಟಡ. ದಂಡೆಗುಂಟ ನೆಡುವ ಗಾಳಿಮರ ಗಾಳಿ ತಡೆಯುತ್ತದೆ, ಆದರೆ ಬೇರು ಮೇಲ್ಮೇಲೇ ಇರುವುದರಿಂದ ಅಲೆಯೆದುರು ನಿಲ್ಲುತ್ತದೆಂದು ನಂಬುವಂತಿಲ್ಲ.

ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 1990ರಿಂದ 2018ರವರೆಗಿನ ಉಪಗ್ರಹ ಚಿತ್ರಗಳನ್ನು ಅಳೆದಾಗ ದೇಶದ ಕರಾವಳಿಯ ಶೇ. 33.6ರಷ್ಟು ಕೊರೆತಕ್ಕೆ ಸಿಕ್ಕಿತ್ತು; ಕರ್ನಾಟಕದಲ್ಲಿ ಅದು ಶೇ. 23.7.

ಕಾನೂನು ಬಂದದ್ದು ಬೇರೆ ದಾರಿಯಿಂದ. ಭರತದ (ಕಡಲುಬ್ಬರದ) ಗೆರೆಯಿಂದ 500 ಮೀಟರ್ ಒಳಗೆ ಕಟ್ಟಡ ಬೇಡವೆಂದು 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ರಾಜ್ಯಗಳಿಗೆ ಪತ್ರ ಬರೆದರು. 1991ರ ಫೆಬ್ರವರಿಯಲ್ಲಿ ಅದು ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಾಯಿತು, 2011ರಲ್ಲಿ ಮತ್ತು 2019ರಲ್ಲಿ ಹೊಸದಾಗಿ ಬರೆಯಲ್ಪಟ್ಟಿತು. ಜನಸಾಂದ್ರತೆ ಚದರ ಕಿ.ಮೀ.ಗೆ 2,161ಕ್ಕಿಂತ ಹೆಚ್ಚಿರುವ ಹಳ್ಳಿಗಾಡಿನಲ್ಲಿ ಕಟ್ಟಡ ನಿಷಿದ್ಧ ವಲಯ 200 ಮೀಟರಿನಿಂದ 50ಕ್ಕೆ ಇಳಿದದ್ದು 2019ರಲ್ಲಿ. ಕಟ್ಟಡ ಎಲ್ಲಿರಬೇಕೆಂದು ಈ ಕಾನೂನು ಚೆನ್ನಾಗಿ ಹೇಳುತ್ತದೆ. ಮರಳು ಎಲ್ಲಿಂದ ಬರಬೇಕೆಂದು ಹೇಳುವುದಿಲ್ಲ.

ಹೊಳೆಗುಂಟ ಕಾನೂನು ಎಲ್ಲಿಯವರೆಗೆ ಎಂಬುದಕ್ಕೂ ಒಂದು ಅಳತೆಯಿದೆ. ವರ್ಷದ ಅತಿ ಒಣ ಕಾಲದಲ್ಲಿ ಲೀಟರ್ ನೀರಿನಲ್ಲಿ ಸುಮಾರು 5 ಗ್ರಾಂ ಉಪ್ಪು ಸಿಗುವ ಜಾಗವೇ ಅದರ ಕೊನೆ. ಪಕ್ಕದ ಕುಮಟಾದ ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ. ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಉಪ್ಪುನೀರು ಸಹಜವಾಗಿ ಮೇಲೇರುತ್ತದೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತವೂ ಚಿಪ್ಪುಮೀನೂ ಅದನ್ನೇ ನಂಬಿವೆ. ಶರಾವತಿಯಲ್ಲಿ ಮಾತ್ರ ಬೇಸಿಗೆಯೆಂದರೆ ವಿದ್ಯುತ್ತಿಗೆ ಬೇಡಿಕೆಯ ಕಾಲ. ಟರ್ಬೈನ್ ತಿರುಗಿದಷ್ಟೂ ಸಿಹಿನೀರು ಅಳಿವೆಯತ್ತ ಇಳಿದು ಉಪ್ಪನ್ನು ಹಿಂದಕ್ಕೆ ದಬ್ಬುತ್ತದೆ. ಕರಾವಳಿ ಕಾನೂನಿನ ಗೆರೆ ಆ ಹೊಳೆಯಲ್ಲಿ ಎಷ್ಟು ಮೇಲಕ್ಕೆ ಹೋಗಬೇಕೆಂಬುದು ಹೀಗೆ ಸಾಗರ ತಾಲೂಕಿನ ಲಿಂಗನಮಕ್ಕಿಯ ಗೇಟಿನಲ್ಲಿ ತೀರ್ಮಾನವಾಗುತ್ತದೆ.