ನೆರಳಿಲ್ಲದ ದೀಪ

ಕಳೆದ ರಜೆಯಲ್ಲಿ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಹೋಗುವಾಗ ಫೋನಿನಲ್ಲಿ ಒಂದು ಹಿತ್ತಾಳೆ ದೀಪ ಒಯ್ದಿದ್ದೆ. ಕಂಪ್ಯೂಟರಿನಲ್ಲಿ ಮಾಡಿದ ದೀಪ. ಕ್ಯಾಮೆರಾ ತೆರೆದು ಜಗಲಿ ಕಡೆ ಹಿಡಿದರೆ ಪರದೆಯಲ್ಲಿ ನಮ್ಮ ಜಗಲಿ ಕಾಣುತ್ತದೆ, ಅದರ ಮೇಲೆ ಈ ದೀಪ ಕೂತಿರುತ್ತದೆ. ಹೀಗೆ ಇರುವ ಜಾಗದಲ್ಲಿ ಇಲ್ಲದ ವಸ್ತುವನ್ನು ತಂದಿಡುವುದಕ್ಕೆ ಆಗ್ಮೆಂಟೆಡ್ ರಿಯಾಲಿಟಿ, ಚಿಕ್ಕದಾಗಿ ಎಆರ್ ಅನ್ನುತ್ತಾರೆ.

ಅಜ್ಜಿಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದರು. "ಚಂದ ಇದೆ ಮಾರಾಯ. ಆದ್ರೆ ನೆಲಕ್ಕೆ ತಾಗೇ ಇಲ್ವಲ್ಲ, ತೇಲ್ತಾ ಇದೆ" ಅಂದರು.

ಲೆಕ್ಕದ ಪ್ರಕಾರ ದೀಪ ನೆಲಕ್ಕೆ ಸರಿಯಾಗಿಯೇ ತಾಗಿತ್ತು. ಆದರೆ ನಾನು ಅದಕ್ಕೆ ನೆರಳು ಹಾಕಿರಲಿಲ್ಲ. ಅಷ್ಟಕ್ಕೇ ಅಜ್ಜಿಯ ಕಣ್ಣು ಅದನ್ನು ಎತ್ತಿ ಗಾಳಿಯಲ್ಲಿಟ್ಟಿತು.

ಇದು ಅವರೊಬ್ಬರ ಕಣ್ಣಿನ ಗುಣ ಅಲ್ಲ. 1990ರ ದಶಕದಲ್ಲಿ, ಕಣ್ಣು ಹೇಗೆ ನೋಡುತ್ತದೆ ಅಂತ ಅಧ್ಯಯನ ಮಾಡುವ ವಿಜ್ಞಾನಿ ಡೇನಿಯಲ್ ಕೆರ್ಸ್ಟನ್ ಮತ್ತು ಜೊತೆಗಾರರು ಒಂದು ಸರಳ ಪ್ರಯೋಗ ಮಾಡಿದರು. ಪೆಟ್ಟಿಗೆಯೊಳಗೆ ಚೆಂಡು ಓರೆಯಾಗಿ ಸಾಗುವ ಎರಡು ಚಲಿಸುವ ಚಿತ್ರಗಳು. ಎರಡರಲ್ಲೂ ಚೆಂಡಿನ ದಾರಿ ಒಂದೇ, ನೆರಳಿನ ದಾರಿ ಮಾತ್ರ ಬೇರೆ. ನೆರಳು ಚೆಂಡಿಗೆ ಅಂಟಿಕೊಂಡೇ ಹೋದರೆ ಚೆಂಡು ನೆಲದ ಮೇಲೆ ಹಿಂದಕ್ಕೆ ಉರುಳಿದಂತೆ ಕಾಣುತ್ತದೆ. ನೆರಳು ಚೆಂಡನ್ನು ಬಿಟ್ಟು ಕೆಳಗೆ ಅಡ್ಡಡ್ಡ ಹೋದರೆ ಅದೇ ಚೆಂಡು ಮೇಲಕ್ಕೆ ಏರಿದಂತೆ ಕಾಣುತ್ತದೆ. ವಸ್ತು ಎಲ್ಲಿದೆ ಅಂತ ಕಣ್ಣು ಕೇಳುವುದು ಹೆಚ್ಚಾಗಿ ನೆರಳನ್ನೇ.

ಹಾಗಾದರೆ ನೆರಳು ಹಾಕಿದರೆ ಮುಗಿಯಿತಲ್ಲ? ಹಾಕಬೇಕಾದರೆ ಮೊದಲು ನೆಲ ಎಲ್ಲಿದೆ ಅಂತ ಗೊತ್ತಿರಬೇಕು. ಫೋನು ಕ್ಯಾಮೆರಾ ಚಿತ್ರದಲ್ಲಿ ಎದ್ದು ಕಾಣುವ ಚುಕ್ಕಿಗಳನ್ನು ಹುಡುಕುತ್ತದೆ: ಮೂಲೆ, ಬಿರುಕು, ಕಲೆ, ಬಟ್ಟೆಯ ಗೆರೆ. ನಾವು ಫೋನನ್ನು ಅತ್ತಿತ್ತ ಆಡಿಸಿದಾಗ ಆ ಚುಕ್ಕಿಗಳು ಎಷ್ಟೆಷ್ಟು ಸರಿದವು ಅಂತ ನೋಡಿ, ಒಳಗಿನ ಸೆನ್ಸರ್‌ಗಳು ಹೇಳುವ ಚಲನೆಯ ಜೊತೆ ತಾಳೆ ಹಾಕಿ, ದೂರ ಲೆಕ್ಕ ಹಾಕುತ್ತದೆ. ನಮ್ಮ ಜಗಲಿಯ ನೆಲ ಕೆಂಪು ರೆಡ್‌ಆಕ್ಸೈಡಿನದು. ವರ್ಷಗಟ್ಟಲೆ ಒರೆಸಿ ಒರೆಸಿ ಕನ್ನಡಿಯಂತಾಗಿದೆ. ಕಲೆಯಿಲ್ಲ, ಗೆರೆಯಿಲ್ಲ. ಅದರಲ್ಲಿ ಕಾಣುವ ಚುಕ್ಕಿಗಳೂ ಕಂಬದ ಪ್ರತಿಬಿಂಬದವು, ನಾವು ಸರಿದರೆ ಅವೂ ನೆಲದ ಮೇಲೆ ಜಾರುತ್ತವೆ. ಫೋನು ತಡಕಾಡಿತು. ಅಕ್ಕನ ಮಗಳು ಒಳಗಿನಿಂದ ಗೆರೆಗೆರೆಯ ಚಾಪೆ ತಂದು ಹಾಸಿದಳು. ಕೂಡಲೇ ನೆಲ ಸಿಕ್ಕಿತು.

ಇನ್ನು ಬೆಳಕು. ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದ ಭಾಗ ಇದು. ನೆರಳು ಯಾವ ಕಡೆ ಬೀಳಬೇಕು, ಎಷ್ಟು ಕಪ್ಪಗಿರಬೇಕು, ಹಿತ್ತಾಳೆಯ ಹೊಳಪು ಎಲ್ಲಿ ಮೂಡಬೇಕು, ಎಲ್ಲವನ್ನೂ ಹೇಳುವುದು ಜಾಗದ ಬೆಳಕು. ಆದರೆ ಕ್ಯಾಮೆರಾಗೆ ಕಾಣುವುದು ಮುಂದಿನ ಒಂದು ತುಂಡು ಮಾತ್ರ. ಬೆಳಕು ಬರುವ ಬಾಗಿಲು ಅದರ ಬೆನ್ನ ಹಿಂದೆ ಇರಬಹುದು.

ನಮ್ಮನೆಯ ಬೆಳಗಿದ ಹಿತ್ತಾಳೆ ಚೊಂಬನ್ನು ಜಗಲಿಯ ಮೇಲಿಟ್ಟು ಹತ್ತಿರದಿಂದ ನೋಡಿದೆ. ಅಂಗಳ ಒಂದು ಬಾಗಿದ ಬಿಳಿ ಪಟ್ಟಿ. ಮಾಡಿನಲ್ಲಿ ಕೂರಿಸಿದ ಗಾಜಿನ ಹೆಂಚು ಒಂದು ಚೂಪಾದ ಚುಕ್ಕಿ. ಒಳಮನೆಯ ಕತ್ತಲು ಒಂದು ಪಕ್ಕ, ನಡುವೆ ನನ್ನದೇ ಮುಖ. ಸುತ್ತಲಿನ ಬೆಳಕಿನ ನಕ್ಷೆ ಪೂರ್ತಿ ಆ ಹೊಟ್ಟೆಯ ಮೇಲಿತ್ತು. 1998ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕ ಪಾಲ್ ಡೆಬೆವೆಕ್ ತೋರಿಸಿಕೊಟ್ಟದ್ದು ಇದನ್ನೇ. ಕನ್ನಡಿಯಂಥ ಗುಂಡನ್ನು ಜಾಗದಲ್ಲಿಟ್ಟು ಬೇರೆ ಬೇರೆ ಎಕ್ಸ್‌ಪೋಶರಿನಲ್ಲಿ, ಅಂದರೆ ಕ್ಯಾಮೆರಾ ಒಳಗೆ ಹೆಚ್ಚುಕಮ್ಮಿ ಬೆಳಕು ಬಿಟ್ಟು, ಫೋಟೋ ತೆಗೆದರೆ, ಅದೇ ಬೆಳಕನ್ನು ಕಂಪ್ಯೂಟರಿನ ವಸ್ತುವಿನ ಮೇಲೂ ಬೀರಬಹುದು.

ಹೋದಲ್ಲೆಲ್ಲ ಗುಂಡು ಹೊತ್ತುಕೊಂಡು ಹೋಗಲು ಆಗುವುದಿಲ್ಲ. 2019ರಲ್ಲಿ ಗೂಗಲ್ ಸಂಶೋಧಕರು ಮಾಡಿದ ಉಪಾಯ ಸೊಗಸಾಗಿದೆ. ಡೆಬೆವೆಕ್ ಕೂಡ ಆ ತಂಡದಲ್ಲಿದ್ದರು. ಫೋನಿನ ಕ್ಯಾಮೆರಾ ಮುಂದೆ ಮೂರು ಗುಂಡುಗಳನ್ನು ಕಟ್ಟಿದರು: ಒಂದು ಕನ್ನಡಿಯಂಥದ್ದು, ಒಂದು ಮಂಕು ಬೆಳ್ಳಿಯದು, ಒಂದು ಬೂದು ಬಣ್ಣದ್ದು. ಬೇಕಾದಷ್ಟು ಜಾಗಗಳಲ್ಲಿ ಹೀಗೆ ವಿಡಿಯೋ ಮಾಡಿ, ಹಿನ್ನೆಲೆ ಹೀಗಿದ್ದರೆ ಗುಂಡುಗಳು ಹೇಗೆ ಕಾಣುತ್ತವೆ ಅಂತ ಕಂಪ್ಯೂಟರಿಗೆ ಕಲಿಸಿದರು. ಈಗ ಗುಂಡಿಲ್ಲದೆಯೂ ಫೋನು ಬೆಳಕನ್ನು ಊಹಿಸುತ್ತದೆ. ಸುತ್ತಲಿನ ಹರಡಿದ ಬೆಳಕಿಗೆ ಬರೀ 27 ಸಂಖ್ಯೆ ಸಾಕು, ಕೆಂಪು ಹಸಿರು ನೀಲಿಗೆ ತಲಾ 9. ಮಣ್ಣಿನ ಮಡಕೆಯಂಥ ಮಂಕು ವಸ್ತುವಿಗೆ ಇಷ್ಟರಲ್ಲೇ ಕೆಲಸ ಆಗುತ್ತದೆ. ಹಿತ್ತಾಳೆಯಂಥ ಹೊಳೆಯುವ ವಸ್ತುವಿಗೆ ಸುತ್ತಲಿನ ಚಿತ್ರವೇ ಬೇಕು. ಅದನ್ನೂ ಫೋನು ಊಹಿಸಿಯೇ ಕಟ್ಟುತ್ತದೆ.

ಅಡ್ಡ ಬರುವವರ ಸಮಸ್ಯೆಯೂ ಇದೆ. ಅಕ್ಕನ ಮಗಳು ದೀಪದ ಮುಂದೆ ಹಾದುಹೋದರೆ ದೀಪ ಮರೆಯಾಗಬೇಕು ಅಲ್ವಾ? ಅದಕ್ಕೆ ಚಿತ್ರದ ಪ್ರತಿ ಚುಕ್ಕಿಯೂ ಎಷ್ಟು ದೂರದಲ್ಲಿದೆ ಅಂತ ತಿಳಿಯಬೇಕು. 2020ರಿಂದ ಕೆಲವು ಆಪಲ್ ಸಾಧನಗಳಲ್ಲಿ ಬಂದ ಲೈಡಾರ್ ಎಂಬ ಸೆನ್ಸರ್ ಸುಮಾರು 5 ಮೀಟರ್‌ವರೆಗೆ ಬೆಳಕು ಕಳಿಸಿ ದೂರ ಅಳೆಯುತ್ತದೆ. ನನ್ನ ಫೋನಿನಲ್ಲಿ ಅದಿಲ್ಲ. ಅವಳು ಓಡಿದಾಗ ದೀಪ ಅವಳ ಲಂಗದ ಮೇಲೇ ಅಂಟಿಕೊಂಡಿತು.

ನೆರಳು ಹಾಕಿ, ಬೆಳಕಿನ ಊಹೆ ಜೋಡಿಸಿ, ಮತ್ತೆ ಅಜ್ಜಿಗೆ ತೋರಿಸಿದೆ. "ಈಗ ಕೂತಿತು" ಅಂದರು. ಆಮೇಲೆ ಜಗಲಿಯ ಒಂದು ಕಡೆ ಬೆರಳು ತೋರಿದರು. ಗಾಜಿನ ಹೆಂಚಿನಿಂದ ಬಿಸಿಲು ಇಳಿದು ಚಾಪೆಯ ಮೇಲೆ ಅಂಗೈಯಗಲ ಬಿದ್ದಿತ್ತು. "ಅಲ್ಲಿಗೆ ಸರಿಸು ನೋಡಣ."

ಸರಿಸಿದೆ. ದೀಪ ಇದ್ದ ಹಾಗೇ ಇತ್ತು. ಫೋನು ಲೆಕ್ಕ ಹಾಕಿದ್ದು ಇಡೀ ಜಾಗಕ್ಕೆ ಒಂದೇ ಬೆಳಕು. ಮುಖ್ಯ ಬೆಳಕು ಎಲ್ಲೋ ದೂರದಿಂದ, ಎಲ್ಲ ಕಡೆ ಒಂದೇ ಸಮ ಬರುತ್ತದೆ ಅಂತಲೇ ಅದರ ಲೆಕ್ಕ. ಮಲೆನಾಡಿನ ಮನೆಯೊಳಗೆ ಬೆಳಕು ಹಾಗೆ ಬರುವುದಿಲ್ಲ, ಒಂದು ಗೇಣಿಗೊಂದು ಥರ ಇರುತ್ತದೆ. ತೋಟದಲ್ಲಿ ಅಡಿಕೆ ಸೋಗೆ ಅಲ್ಲಾಡಿದರೂ ಬದಲಾಗುತ್ತದೆ. ಜಾಗಜಾಗಕ್ಕೆ ಬೇರೆ ಬೆಳಕು ಲೆಕ್ಕ ಹಾಕುವ ದಾರಿಗಳ ಮೇಲೆ ಸಂಶೋಧನೆ ಜೋರಾಗಿ ನಡೆದಿದೆ. ಅಂಗೈಯಗಲದ ಬಿಸಿಲನ್ನು ಹಿಡಿಯುವುದು ನನ್ನ ಫೋನಿಗೆ ಇನ್ನೂ ಆಗದ ಕೆಲಸ.

ಅಜ್ಜಿ ತಮ್ಮ ಕೈಯನ್ನೇ ಆ ಬಿಸಿಲಿಗೆ ಹಿಡಿದರು. ಪರದೆಯಲ್ಲಿ ಬಳೆಗಳು ಫಳ್ ಅಂದವು. ಪಕ್ಕದಲ್ಲಿದ್ದ ದೀಪ ಮಂಕಾಗಿಯೇ ಇತ್ತು. ನಾನು ಸೆಟ್ಟಿಂಗು ತಿದ್ದುತ್ತಾ ಕೂತೆ. ತಲೆ ಎತ್ತುವ ಹೊತ್ತಿಗೆ ಬಿಸಿಲು ಚಾಪೆ ಬಿಟ್ಟು ಗೋಡೆಯ ಬುಡಕ್ಕೆ ಹೋಗಿತ್ತು.