ಎರಡೇ ತಿಂಗಳಲ್ಲಿ ಕೆಮ್ಮು ನಿಂತರೂ ಟಿಬಿ ಮಾತ್ರೆ ಆರು ತಿಂಗಳು ಏಕೆ?

ಪ್ರಶ್ನೆ: ನನ್ನ ತಮ್ಮನಿಗೆ ಶ್ವಾಸಕೋಶದ ಕ್ಷಯ ಇದೆಯೆಂದು ಗೊತ್ತಾಗಿ ಎರಡು ತಿಂಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಜ್ವರ, ಕೆಮ್ಮು ನಿಂತಿವೆ, ತೂಕ ಹೆಚ್ಚಿದೆ, ಕಫ ಪರೀಕ್ಷೆಯೂ ನೆಗೆಟಿವ್ ಬಂದಿದೆ. ಗಂಟಲು ನೋವಿಗೆ ಐದು ದಿನದ ಮಾತ್ರೆ ಸಾಕಾಗುವಾಗ ಇದಕ್ಕೆ ಇನ್ನೂ ನಾಲ್ಕು ತಿಂಗಳು ಏಕೆ? ಈಗಲೇ ನಿಲ್ಲಿಸಬಹುದೇ?

ಉತ್ತರ: ನಿಲ್ಲಿಸಬಾರದು. ನಿಮ್ಮ ತಮ್ಮ ಚೇತರಿಸಿಕೊಂಡಿರುವುದು ನಿಜವಾಗಿಯೂ ಸಂತೋಷದ ವಿಷಯ. ಆದರೆ ಕ್ಷಯದ ಚಿಕಿತ್ಸೆಯಲ್ಲಿ ಬಹಳಷ್ಟು ಜನ ದಾರಿ ತಪ್ಪುವುದು ಸರಿಯಾಗಿ ಈ ಹಂತದಲ್ಲಿಯೇ.

ಮೊದಲು ಕಫ ಪರೀಕ್ಷೆಯ ವಿಷಯವನ್ನು ನೋಡೋಣ. ಗಾಜಿನ ಪಟ್ಟಿಯ ಮೇಲೆ ಕಫವನ್ನು ತೆಳ್ಳಗೆ ಸವರಿ, ಅದಕ್ಕೆ ಕೆಂಪು ಬಣ್ಣ ಹಾಕಿ ಬಿಸಿ ಮಾಡಿ, ಬಳಿಕ ಆಮ್ಲದಿಂದ ತೊಳೆದು, ಕೊನೆಗೆ ನೀಲಿ ಬಣ್ಣ ಹಾಕುವುದು ಈ ಪರೀಕ್ಷೆಯ ಹಳೆಯ ಕ್ರಮ. ಬೇರೆ ಬ್ಯಾಕ್ಟೀರಿಯಾಗಳ ಕೆಂಪು ಆಮ್ಲದಲ್ಲಿ ತೊಳೆದುಹೋಗುತ್ತದೆ. ಕ್ಷಯದ ಬ್ಯಾಕ್ಟೀರಿಯಾಗಳು ಮಾತ್ರ ನೀಲಿ ಹಿನ್ನೆಲೆಯ ಮೇಲೆ ಸಣ್ಣ ಕೆಂಪು ಕಡ್ಡಿಗಳಾಗಿ ಉಳಿಯುತ್ತವೆ. ಆದರೆ ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು ಐದರಿಂದ ಹತ್ತು ಸಾವಿರ ಬ್ಯಾಕ್ಟೀರಿಯಾಗಳಾದರೂ ಇಲ್ಲದಿದ್ದರೆ ಸೂಕ್ಷ್ಮದರ್ಶಕದಡಿ ಒಂದೂ ಕಾಣಿಸದಿರಬಹುದು. ಆದ್ದರಿಂದ ನೆಗೆಟಿವ್ ವರದಿ ಹೇಳುವುದು ಸಂಖ್ಯೆ ಬಹಳ ಇಳಿದಿದೆ ಎಂದಷ್ಟೇ. ಶ್ವಾಸಕೋಶದ ಒಳಗೆ ಏನೂ ಉಳಿದಿಲ್ಲ ಎಂದು ಅದು ಹೇಳುವುದಿಲ್ಲ.

ಆಮ್ಲಕ್ಕೂ ಬಣ್ಣ ಬಿಡದಿರುವುದಕ್ಕೆ ಕಾರಣ ಈ ಬ್ಯಾಕ್ಟೀರಿಯಾದ ಹೊರಕವಚ. ಮೈಕೋಲಿಕ್ ಆಮ್ಲವೆಂಬ ಮೇಣದಂತಹ ಕೊಬ್ಬಿನಿಂದ ಕೂಡಿದ ಆ ಕವಚವನ್ನು ದಾಟಿ ಒಳಗೆ ಹೋಗಲು ಅನೇಕ ಔಷಧಗಳಿಗೆ ಸಾಧ್ಯವಾಗುವುದಿಲ್ಲ. ಎರಡನೆಯದಾಗಿ, ಇದರ ಬೆಳವಣಿಗೆ ತೀರಾ ನಿಧಾನ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ ಅನುಕೂಲ ಪರಿಸ್ಥಿತಿಯಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗಿ ಒಡೆದರೆ, ಕ್ಷಯದ ಬ್ಯಾಕ್ಟೀರಿಯಾಕ್ಕೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಇಪ್ಪತ್ತು ಗಂಟೆ ಬೇಕು. ರಾಬರ್ಟ್ ಕಾಖ್ ಅವರು 1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ಈ ರೋಗಾಣುವಿನ ಪತ್ತೆಯನ್ನು ಪ್ರಕಟಿಸಿ ಶತಮಾನವೇ ಕಳೆದಿದ್ದರೂ ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಿ ನೋಡಲು ಇಂದಿಗೂ ವಾರಗಟ್ಟಲೆ ಕಾಯಬೇಕಾಗುತ್ತದೆ. ಹೆಚ್ಚಿನ ಆ್ಯಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾವನ್ನು ಹೊಡೆಯುವುದು ಅದು ಬೆಳೆಯುವಾಗ, ಕವಚ ಕಟ್ಟುವಾಗ, ಒಡೆದು ಎರಡಾಗುವಾಗ. ಬೆಳವಣಿಗೆಯೇ ನಿಧಾನವಾದರೆ ಔಷಧಕ್ಕೆ ಸಿಗುವ ಅವಕಾಶವೂ ಅಷ್ಟೇ ಕಡಿಮೆ.

ಅದೂ ಅಲ್ಲದೆ, ರೋಗಿಯ ದೇಹದಲ್ಲಿರುವ ಬ್ಯಾಕ್ಟೀರಿಯಾಗಳೆಲ್ಲ ಒಂದೇ ಸ್ಥಿತಿಯಲ್ಲಿರುವುದಿಲ್ಲ. ಶ್ವಾಸಕೋಶದಲ್ಲಿ ಆದ ಕುಳಿಯೊಳಗೆ ಆಮ್ಲಜನಕ ಚೆನ್ನಾಗಿ ಸಿಗುವುದರಿಂದ ಅಲ್ಲಿರುವವು ಚುರುಕಾಗಿ ಬೆಳೆಯುತ್ತವೆ; ಕ್ಷಯದ ಔಷಧಗಳಲ್ಲೊಂದಾದ ಐಸೋನಿಯಾಜಿಡ್ ಇವುಗಳಲ್ಲಿ ಬಹುಪಾಲನ್ನು ಮೊದಲ ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ಜ್ವರ ಇಳಿಯುವುದು, ಹಸಿವು ಮರಳುವುದು, ಇನ್ನೊಬ್ಬರಿಗೆ ಸೋಂಕು ಹರಡುವ ಸಾಧ್ಯತೆ ಕುಗ್ಗುವುದು ಎಲ್ಲವೂ ಇದರ ಫಲ. ಆದರೆ ಉರಿಯೂತದಿಂದ ಆಮ್ಲೀಯವಾದ ಜಾಗಗಳಲ್ಲಿ, ನಮ್ಮ ರಕ್ಷಣಾ ಕಣಗಳ ಒಳಗೆ, ಸತ್ತ ಅಂಗಾಂಶದ ನಡುವೆ ಇನ್ನೂ ಕೆಲವು ಇರುತ್ತವೆ. ಇವು ಬಹುತೇಕ ನಿಷ್ಕ್ರಿಯವಾಗಿದ್ದು, ಆಗೊಮ್ಮೆ ಈಗೊಮ್ಮೆ ಮಾತ್ರ ಚಟುವಟಿಕೆ ತೋರುತ್ತವೆ. ಆಮ್ಲೀಯ ಜಾಗಗಳಲ್ಲಿ ಪೈರಾಜಿನಮೈಡ್ ಕೆಲಸ ಮಾಡುತ್ತದೆ. ಅಪರೂಪಕ್ಕೆ ಎಚ್ಚರಗೊಳ್ಳುವವುಗಳನ್ನು ಆ ಅಲ್ಪ ಅವಧಿಯಲ್ಲೇ ಕೊಲ್ಲುವ ಶಕ್ತಿ ಮುಖ್ಯವಾಗಿ ರಿಫಾಂಪಿಸಿನ್‌ಗೆ ಇದೆ. ಆದರೆ ಅವು ಯಾವಾಗ ಎಚ್ಚರಗೊಳ್ಳುತ್ತವೆಂದು ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಔಷಧ ಪ್ರತಿದಿನವೂ ರಕ್ತದಲ್ಲಿ ಇರಲೇಬೇಕು.

ಒಂದರ ಬದಲು ನಾಲ್ಕು ಔಷಧ ಏಕೆ ಎಂಬುದಕ್ಕೆ ಉತ್ತರ ಲೆಕ್ಕದಲ್ಲಿದೆ. ಒಂದು ಕುಳಿಯಲ್ಲಿ ಹತ್ತು ಕೋಟಿಯಷ್ಟು ಬ್ಯಾಕ್ಟೀರಿಯಾಗಳಿರಬಹುದು. ಔಷಧದ ಸಂಪರ್ಕವೇ ಇಲ್ಲದೆ, ತಾನಾಗಿಯೇ ಐಸೋನಿಯಾಜಿಡ್‌ಗೆ ಬಗ್ಗದಂತೆ ಬದಲಾದ ಬ್ಯಾಕ್ಟೀರಿಯಾ ಸುಮಾರು ಹತ್ತು ಲಕ್ಷಕ್ಕೆ ಒಂದರಂತೆ ಇರುತ್ತದೆ. ಅಂದರೆ ಆ ಕುಳಿಯಲ್ಲಿ ಅಂಥವು ನೂರರಷ್ಟು. ಬರೀ ಐಸೋನಿಯಾಜಿಡ್ ಕೊಟ್ಟರೆ ಉಳಿದವೆಲ್ಲ ಸತ್ತು ಈ ನೂರು ಬೆಳೆಯುತ್ತವೆ. ರಿಫಾಂಪಿಸಿನ್‌ಗೆ ಬಗ್ಗದವು ಸುಮಾರು ಹತ್ತು ಕೋಟಿಗೆ ಒಂದು. ಎರಡಕ್ಕೂ ಬಗ್ಗದ ಬ್ಯಾಕ್ಟೀರಿಯಾ ಅಷ್ಟರಲ್ಲಿ ಇರುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಈ ಪಾಠವನ್ನು ವೈದ್ಯಕೀಯ ಲೋಕ ಬಹಳ ನೋವಿನಿಂದ ಕಲಿತಿದೆ. 1948ರಲ್ಲಿ ಬ್ರಿಟನ್ ಪ್ರಕಟಿಸಿದ ಸ್ಟ್ರೆಪ್ಟೊಮೈಸಿನ್ ಪ್ರಯೋಗದಲ್ಲಿ ಆರು ತಿಂಗಳ ಹೊತ್ತಿಗೆ ಔಷಧ ಪಡೆದ 55 ಮಂದಿಯಲ್ಲಿ ನಾಲ್ವರು ತೀರಿಕೊಂಡಿದ್ದರೆ, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿ ತೀರಿಕೊಂಡಿದ್ದರು. ಅದ್ಭುತವೆನಿಸಿದ ಈ ಅಂತರ ಐದು ವರ್ಷ ಕಳೆಯುವಷ್ಟರಲ್ಲಿ ಬಹುಪಾಲು ಅಳಿಸಿಹೋಗಿತ್ತು, ಏಕೆಂದರೆ ಒಂದೇ ಔಷಧಕ್ಕೆ ಬ್ಯಾಕ್ಟೀರಿಯಾ ಒಗ್ಗಿಕೊಂಡಿತ್ತು. ಚಿಕಿತ್ಸೆಯನ್ನು ಬಿಟ್ಟು ಬಿಟ್ಟು ತೆಗೆದುಕೊಂಡಾಗಲೂ ಇಂಥದೇ ಅಪಾಯ ಎದುರಾಗುತ್ತದೆ.

ಹಾಗಾದರೆ ಆರು ತಿಂಗಳೇ ಏಕೆ? ರಿಫಾಂಪಿಸಿನ್ ಬರುವ ಮೊದಲು ಚಿಕಿತ್ಸೆ ಒಂದೂವರೆ ವರ್ಷದವರೆಗೆ ನಡೆಯುತ್ತಿತ್ತು. 1970ರ ದಶಕದಲ್ಲಿ ಪೂರ್ವ ಆಫ್ರಿಕಾ ಸೇರಿದಂತೆ ಹಲವೆಡೆ ನಡೆದ ಪ್ರಯೋಗಗಳ ಬಲದಿಂದ ಅದು ಆರು ತಿಂಗಳಿಗೆ ಇಳಿಯಿತು. ಇದನ್ನು ನಾಲ್ಕಕ್ಕೆ ಇಳಿಸುವ ಪ್ರಯತ್ನವೂ ನಡೆದಿದ್ದು, ನಿಮ್ಮ ಪ್ರಶ್ನೆಗೆ ಅತ್ಯಂತ ನೇರವಾದ ಉತ್ತರ ಅಲ್ಲಿಯೇ ಇದೆ. 2014ರಲ್ಲಿ ಪ್ರಕಟವಾದ ಒಂದು ದೊಡ್ಡ ಪ್ರಯೋಗದಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಸೇರಿಸಿದ ನಾಲ್ಕು ತಿಂಗಳ ಚಿಕಿತ್ಸೆ ಪಡೆದವರ ಕಫ, ಆರು ತಿಂಗಳ ಚಿಕಿತ್ಸೆಯವರಿಗಿಂತಲೂ ಬೇಗ ಶುದ್ಧವಾಯಿತು. ಆದರೂ ರೋಗ ಮರುಕಳಿಸಿದ್ದು ಅವರಲ್ಲೇ ಹೆಚ್ಚು. ಅವರಲ್ಲಿ ನೂರಕ್ಕೆ ಎಂಬತ್ತರಿಂದ ಎಂಬತ್ತೈದು ಮಂದಿಗೆ ಫಲಿತಾಂಶ ಚೆನ್ನಾಗಿತ್ತು. ಆರು ತಿಂಗಳು ಪೂರೈಸಿದವರಲ್ಲಿ ಆ ಸಂಖ್ಯೆ ತೊಂಬತ್ತೆರಡು. ಅಂದರೆ ಬಹಳಷ್ಟು ಜನರಿಗೆ ಕೊನೆಯ ಎರಡು ತಿಂಗಳು ಬೇಕಾಗಿಯೇ ಇರಲಿಲ್ಲ. ಆದರೆ ಅವರು ಯಾರು ಎಂದು ಮೊದಲೇ ನಿಖರವಾಗಿ ತಿಳಿಸುವ ಪರೀಕ್ಷೆ ಇನ್ನೂ ನಮ್ಮಲ್ಲಿಲ್ಲ. ಆದ್ದರಿಂದಲೇ ಎಲ್ಲರಿಗೂ ಪೂರ್ಣ ಅವಧಿಯ ಚಿಕಿತ್ಸೆ. 2021ರಲ್ಲಿ ರಿಫಾಪೆಂಟಿನ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಇರುವ ನಾಲ್ಕು ತಿಂಗಳ ಚಿಕಿತ್ಸೆ ಆರು ತಿಂಗಳಿನದಕ್ಕೆ ಸಮನೆಂದು ಸಾಬೀತಾಯಿತು. ಆದರೆ ಅದು ಬೇರೆಯೇ ಔಷಧಗಳ ಜೋಡಣೆ. ನಿಮ್ಮ ತಮ್ಮ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನು ನಾಲ್ಕು ತಿಂಗಳಿಗೆ ನಿಲ್ಲಿಸಲು ಅದು ಆಧಾರವಾಗುವುದಿಲ್ಲ.

ಮುಂದಿನ ನಾಲ್ಕು ತಿಂಗಳಲ್ಲಿ ಗಮನಿಸಬೇಕಾದ ಕೆಲವು ಸಂಗತಿಗಳಿವೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ರಿಫಾಂಪಿಸಿನ್‌ನಿಂದ, ಅದರಿಂದ ತೊಂದರೆಯಿಲ್ಲ. ಆದರೆ ಕಣ್ಣು ಹಳದಿಯಾದರೆ, ಬಿಡದೆ ವಾಂತಿಯಾದರೆ, ದೃಷ್ಟಿ ಮಂಜಾದರೆ ಅಥವಾ ಬಣ್ಣ ಗುರುತಿಸಲು ಕಷ್ಟವಾದರೆ ಅದೇ ದಿನ ವೈದ್ಯರನ್ನು ಕಾಣಬೇಕು. ಅಂಗಾಲು ಜುಮ್ಮೆನ್ನುತ್ತಿದ್ದರೆ ತಿಳಿಸಿ. ಅದಕ್ಕೆ ಬಿ6 ವಿಟಮಿನ್ ಕೊಡುತ್ತಾರೆ. ನಡುವೆ ಮಾತ್ರೆ ತಪ್ಪಿದ್ದರೆ ಮುಚ್ಚಿಡದೆ ಹೇಳಿ, ಮುಂದೇನು ಮಾಡಬೇಕೆಂದು ಅವರಿಂದಲೇ ತಿಳಿದುಕೊಳ್ಳಿ. ಮರುದಿನ ಎರಡರಷ್ಟು ನುಂಗುವುದು ಬೇಡ. ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಔಷಧಗಳು ಉಚಿತ. ಪೌಷ್ಟಿಕ ಆಹಾರಕ್ಕೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಕೆಲಸಕ್ಕೆಂದು ಬೇರೆ ಊರಿಗೆ ಹೋಗುವುದಿದ್ದರೆ ಹೊರಡುವ ಮೊದಲೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ನಿಕ್ಷಯ್ ಗುರುತಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಚಿಕಿತ್ಸೆಯನ್ನು ಹೊಸ ಊರಿನ ಕೇಂದ್ರಕ್ಕೆ ವರ್ಗಾಯಿಸಿಕೊಂಡು ಒಂದು ದಿನವೂ ತಪ್ಪದಂತೆ ಮುಂದುವರಿಸಬಹುದು.