ಕ್ಷಿಪಣಿಯಾಗಿ ಹುಟ್ಟಿ, ಹವಾಮಾನಕ್ಕೆ ದುಡಿದ ಟೈಟಾನ್ 2

ಅಮೆರಿಕದ ಸೇನಾ ಹವಾಮಾನ ಉಪಗ್ರಹಗಳ ಮಾಹಿತಿ ನಿಲ್ಲುತ್ತದೆ ಎಂಬ ಸುದ್ದಿ 2025ರಲ್ಲಿ ಬಂತು. ಚಂಡಮಾರುತಗಳ ಮೇಲೆ ಕಣ್ಣಿಟ್ಟವರು ಗಾಬರಿಯಾದರು. ಆಮೇಲೆ ಆ ನಿರ್ಧಾರ ಮುಂದಕ್ಕೆ ಹೋಯಿತು. ಇವುಗಳಲ್ಲಿ ಒಂದಾದ, ಆಗಲೂ ಕೆಲಸ ಮಾಡುತ್ತಿದ್ದ ಎಫ್-16 ಉಪಗ್ರಹ ಹಾರಿದ್ದು 2003ರಲ್ಲಿ. ಅದನ್ನು ಹೊತ್ತದ್ದು ಅಣುಬಾಂಬ್ ಹೊರಲೆಂದೇ ಕಟ್ಟಿದ್ದ ಟೈಟಾನ್ 2 ಕ್ಷಿಪಣಿ.

ಈ ಹವಾಮಾನ ಉಪಗ್ರಹಗಳು ಶುರುವಾದದ್ದು 1960ರ ದಶಕದಲ್ಲಿ. ಗೂಢಚಾರ ಉಪಗ್ರಹಗಳಲ್ಲಿ ಆಗ ಫಿಲ್ಮ್ ಇರುತ್ತಿತ್ತು. ಮೋಡದ ಚಿತ್ರ ತೆಗೆದರೆ ಫಿಲ್ಮ್ ದಂಡ. ಎಲ್ಲಿ ಮೋಡ ಇಲ್ಲ ಅಂತ ಮೊದಲೇ ಗೊತ್ತಾಗಬೇಕಿತ್ತು, ಅದಕ್ಕೇ ಇವು ಬಂದವು. ಮೊದಲು ಸ್ಕೌಟ್, ಆಮೇಲೆ ಥಾರ್, 1982ರಿಂದ ಅಟ್ಲಾಸ್ ಇ ರಾಕೆಟ್‌ಗಳು ಇವುಗಳ ಭಾರ ಹೊತ್ತವು.

ಟೈಟಾನ್ 2 ಕಥೆ ಬೇರೆ. 1963ರಿಂದ 1987ರವರೆಗೆ ಆರಿಜೋನಾ, ಕಾನ್ಸಾಸ್, ಅರ್ಕನ್ಸಾಸ್‌ಗಳಲ್ಲಿ ಇಂಥ 54 ಕ್ಷಿಪಣಿಗಳು ನೆಲದಡಿ ಸಿದ್ಧವಾಗಿ ನಿಂತಿದ್ದವು. ಇದರ ಇಂಧನ ಮತ್ತು ಆಕ್ಸಿಡೈಸರ್ (ಇಂಧನ ಉರಿಯಲು ಆಮ್ಲಜನಕ ಕೊಡುವ ದ್ರವ) ಒಂದಕ್ಕೊಂದು ತಾಗಿದರೆ ಸಾಕು, ಕಿಡಿಯೇ ಬೇಡ, ತಾನೇ ಉರಿಯುತ್ತದೆ. ಎರಡೂ ಮಾಮೂಲಿ ತಾಪದಲ್ಲೇ ದ್ರವವಾಗಿರುತ್ತವೆ, ಹಾಗಾಗಿ ತುಂಬಿಸಿಟ್ಟು ವರ್ಷಗಟ್ಟಲೆ ಕಾಯಬಹುದು. ಅಪಾಯವೂ ಅಲ್ಲೇ. 1980ರಲ್ಲಿ ಅರ್ಕನ್ಸಾಸ್‌ನ ಡಮಾಸ್ಕಸ್ ಬಳಿ ಕೈಜಾರಿ ಬಿದ್ದ ಒಂದು ಸಾಕೆಟ್ (ನಟ್ ತಿರುಗಿಸುವ ಉಪಕರಣದ ತುದಿ) ಇಂಧನದ ಟ್ಯಾಂಕನ್ನು ತೂತು ಮಾಡಿತು. ಕೆಲವು ಗಂಟೆಗಳ ನಂತರ ಕ್ಷಿಪಣಿ ಸಿಡಿಯಿತು. ವಾಯುಪಡೆಯ ಒಬ್ಬ ಯುವಕ ಸತ್ತ. ಸಿಡಿತಲೆ ಸಿಡಿಯಲಿಲ್ಲ, ಪುಣ್ಯ.

ನಿವೃತ್ತಿಯಾದವುಗಳಲ್ಲಿ 14ನ್ನು ಆಯ್ದು ಉಡಾವಣಾ ರಾಕೆಟ್‌ಗಳಾಗಿ ಬದಲಿಸಿದರು. ಇದು ಬಹಳ ಒಳ್ಳೆಯ ತೀರ್ಮಾನ. 1988ರಿಂದ 2003ರವರೆಗೆ ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಿಂದ 13 ಹಾರಿದವು. 1994ರಲ್ಲಿ ಚಂದ್ರನತ್ತ ಹೊರಟ ಕ್ಲೆಮೆಂಟೈನ್ ನೌಕೆಯೂ ಇದರ ಹೆಗಲೇರಿತ್ತು. ಹವಾಮಾನದ ಪಾಲಿಗೆ ಬಂದದ್ದು ಮೂರು: 1997ರಲ್ಲಿ ಎಫ್-14, 1999ರಲ್ಲಿ ಎಫ್-15, ಕೊನೆಯದು ಎಫ್-16. ಎಫ್-16ರ ಉಡಾವಣೆ ಮತ್ತೆ ಮತ್ತೆ ಮುಂದಕ್ಕೆ ಹೋಗಿ, 2003ರ ಅಕ್ಟೋಬರ್ 18ರಂದು ನಡೆಯಿತು. ಟೈಟಾನ್ 2 ಹಾರಿದ್ದು ಅದೇ ಕೊನೆ.

ಆಮೇಲೆ ಡೆಲ್ಟಾ 4, ಅಟ್ಲಾಸ್ 5 ಬಂದವು. ಇಷ್ಟು ಸಣ್ಣ ಉಪಗ್ರಹಕ್ಕೆ ಅಷ್ಟು ದೊಡ್ಡ ರಾಕೆಟ್ ಜಾಸ್ತಿಯೇ ಆಯಿತು ಅಲ್ವಾ? 2014ರಲ್ಲಿ ಹಾರಿದ ಎಫ್-19 ಎರಡೇ ವರ್ಷದಲ್ಲಿ ಮಾತು ಕೇಳುವುದನ್ನು ನಿಲ್ಲಿಸಿತು. ಪೂರ್ತಿ ಸಿದ್ಧವಿದ್ದ ಎಫ್-20 ವರ್ಷಗಟ್ಟಲೆ ಗೋದಾಮಿನಲ್ಲೇ ಕಾಯಿತು. ಹಣ ನಿಂತಿತು, ಅದು ಹಾರಲೇ ಇಲ್ಲ. ಕಟ್ಟಿದ ಉಪಗ್ರಹವನ್ನು ಹೀಗೆ ಸುಮ್ನೆ ಬಿಟ್ಟಿದ್ದು ದೊಡ್ಡ ನಷ್ಟ. ಸೇನೆಯ ಹೊಸ ಪೀಳಿಗೆಯ ಹವಾಮಾನ ಉಪಗ್ರಹ ಫಾಲ್ಕನ್ 9 ರಾಕೆಟ್ ಏರಿ ಹೊರಟದ್ದು 2024ರ ಏಪ್ರಿಲ್‌ನಲ್ಲಿ.